ಹಳೆಯ ಸೆರಗಿಗೆ ಹೊಸ ಗಿರಾಕಿ: ಮರಳಿ ಬಂದ ಉಡುಗೆಗಳು ಮತ್ತು ವರ್ತಕರ ಲೆಕ್ಕಾಚಾರ

ಜವಳಿ ವ್ಯಾಪಾರದಲ್ಲಿ ಎರಡು ಮೂರು ದಶಕಗಳನ್ನು ಕಳೆದ ಯಾವುದೇ ವರ್ತಕರನ್ನು ಕೇಳಿದರೂ ಒಂದು ಮಾತನ್ನು ಒಪ್ಪುತ್ತಾರೆ. ಅಂಗಡಿಯ ಕಪಾಟಿನಲ್ಲಿ ಯಾವ ಸರಕಿನ ಸ್ಥಾನವೂ ಶಾಶ್ವತವಲ್ಲ. ಒಂದು ಕಾಲದಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇರುತ್ತಿದ್ದ ಇಳಕಲ್ ಸೀರೆಯ ಗಂಟು ಕ್ರಮೇಣ ಹಿಂದಿನ ಸಾಲಿಗೆ, ಅಲ್ಲಿಂದ ಅಟ್ಟಕ್ಕೆ ಸರಿಯಿತು. ಅದು ಅಜ್ಜಿಯರ ಸೀರೆ, ಹೊಲಕ್ಕೆ ಹೋಗುವವರ ಸೀರೆ ಎಂಬ ಮಾತು ಪಟ್ಟಣಗಳಲ್ಲಿ ರೂಢಿಗೆ ಬಂತು. ಈಗ ಅದೇ ಸೀರೆಯನ್ನು ಮದುವೆಯ ಅರಿಶಿನ ಶಾಸ್ತ್ರಕ್ಕೆ, ಕಾಲೇಜಿನ ಸಾಂಪ್ರದಾಯಿಕ ಉಡುಗೆಯ ದಿನಕ್ಕೆ, ಕಚೇರಿಯ ಹಬ್ಬದ ಕೂಟಕ್ಕೆ ಇಪ್ಪತ್ತರ ಹರೆಯದ ಹೆಣ್ಣುಮಕ್ಕಳು ಹುಡುಕಿಕೊಂಡು ಬರುತ್ತಿದ್ದಾರೆ. ಉಡಿ ತುಂಬುವ ಶಾಸ್ತ್ರಕ್ಕೆ ಸೀಮಿತವಾಗಿದ್ದ ಗುಳೇದಗುಡ್ಡದ ಖಣವು ಕುರ್ತಾ, ಜಾಕೆಟ್, ಕೈಚೀಲ, ಅಷ್ಟೇ ಏಕೆ, ದಿನಚರಿ ಪುಸ್ತಕದ ಹೊದಿಕೆಯೂ ಆಗಿದೆ.

ಈ ಬದಲಾವಣೆಯ ಬಗ್ಗೆ ಸಂಸ್ಕೃತಿ ಚಿಂತಕರು ಸಂತೋಷಪಡುವುದು ಸಹಜ. ಆದರೆ ವರ್ತಕರು ಮತ್ತು ಸಣ್ಣ ತಯಾರಕರು ಸಂತೋಷದ ಜೊತೆಗೆ ಮೂರು ಪ್ರಶ್ನೆಗಳನ್ನೂ ಕೇಳಿಕೊಳ್ಳಬೇಕಾಗುತ್ತದೆ. ಈ ಬೇಡಿಕೆ ಎಷ್ಟು ಕಾಲ ನಿಲ್ಲುತ್ತದೆ? ಇದರ ಲಾಭ ಯಾರಿಗೆ ಸೇರುತ್ತದೆ? ಇದಕ್ಕಾಗಿ ಎಷ್ಟು ಬಂಡವಾಳವನ್ನು ತೊಡಗಿಸುವುದು ವಿವೇಕ? ಈ ಮೂರಕ್ಕೂ ಉತ್ತರ ಹುಡುಕುವ ಪ್ರಯತ್ನ ಈ ಲೇಖನದ್ದು.

ಫ್ಯಾಷನ್ನಿನ ಸವಕಳಿ ಪಟ್ಟಿ

ನಾವು ಲೆಕ್ಕಪರಿಶೋಧಕರು ಯಂತ್ರಕ್ಕೂ ಕಟ್ಟಡಕ್ಕೂ ವರ್ಷ ವರ್ಷ ಸವಕಳಿ ಹಾಕುತ್ತೇವೆ. ಆ ಪಟ್ಟಿಯಲ್ಲಿ ಮೌಲ್ಯ ಇಳಿಯುತ್ತಲೇ ಹೋಗುತ್ತದೆ. ಉಡುಗೆ ತೊಡುಗೆಗೆ ಅಂತಹುದೇ ಒಂದು ಪಟ್ಟಿಯನ್ನು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದ್ದ ಉಡುಪು ಇತಿಹಾಸಕಾರ ಜೇಮ್ಸ್ ಲೇವರ್ ಅವರು 1937ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಕೊಟ್ಟಿದ್ದಾರೆ. ಅದರ ಸಾರಾಂಶ ಹೀಗಿದೆ: ಒಂದು ಉಡುಗೆ ಚಾಲ್ತಿಯಲ್ಲಿರುವಾಗ ಚೆಂದ ಕಾಣುತ್ತದೆ, ಚಾಲ್ತಿ ತಪ್ಪಿದ ಮರುವರ್ಷವೇ ಕಳೆಗುಂದುತ್ತದೆ, ಹತ್ತು ಇಪ್ಪತ್ತು ವರ್ಷಗಳ ಬಳಿಕ ನಗೆಪಾಟಲಾಗುತ್ತದೆ. ಮೂವತ್ತು ವರ್ಷ ದಾಟಿದ ಮೇಲೆ ಅದೇ ಉಡುಗೆ ಕುತೂಹಲ ಹುಟ್ಟಿಸತೊಡಗುತ್ತದೆ, ಐವತ್ತು ಎಪ್ಪತ್ತು ವರ್ಷಗಳಾದರೆ ಮತ್ತೆ ಮನಸೆಳೆಯುತ್ತದೆ. ಅಂದರೆ ಈ ಪಟ್ಟಿಯಲ್ಲಿ ಮೌಲ್ಯ ಮೊದಲು ತಳ ಮುಟ್ಟಿ, ಆಮೇಲೆ ತಾನಾಗಿ ಮೇಲೇರುತ್ತದೆ.

ಇದಕ್ಕೆ ಸರಳವಾದ ಕಾರಣವಿದೆ. ತಾಯಿ ಉಟ್ಟದ್ದು ಮಗಳಿಗೆ ಹಳತು, ಅಜ್ಜಿ ಉಟ್ಟದ್ದು ಮೊಮ್ಮಗಳಿಗೆ ಹೊಸತು. ಹಳ್ಳಿಯಿಂದ ನಗರಕ್ಕೆ ಬಂದ ಮೊದಲ ತಲೆಮಾರು ಹಳ್ಳಿಯ ಗುರುತನ್ನು ಮರೆಸಲು ಬಯಸಿತು. ನಗರದಲ್ಲೇ ಹುಟ್ಟಿದ ಮೂರನೆಯ ತಲೆಮಾರಿಗೆ ಅಂತಹ ಸಂಕೋಚವಿಲ್ಲ. ಎಲ್ಲೆಡೆ ಒಂದೇ ಬಗೆಯ ಸಿದ್ಧ ಉಡುಪು ಸಿಗುವ ಕಾಲದಲ್ಲಿ ತನ್ನ ಊರಿನದು ಎಂದು ಹೇಳಿಕೊಳ್ಳಬಹುದಾದ ಬಟ್ಟೆಗೆ ಬೆಲೆ ಬರುತ್ತದೆ. ಮೊಬೈಲಿನಲ್ಲಿ ಚಿತ್ರ ಹಂಚಿಕೊಳ್ಳುವ ರೂಢಿ ಈ ಗತಿಯನ್ನು ಇನ್ನಷ್ಟು ತೀವ್ರಗೊಳಿಸಿದೆ.

ಆದರೆ ವರ್ತಕರು ಗಮನಿಸಬೇಕಾದ ಒಂದು ವ್ಯತ್ಯಾಸವಿದೆ. ಮರಳಿ ಬರುವುದರಲ್ಲಿ ಎರಡು ಬಗೆ. ಬೆಲ್ ಬಾಟಮ್ ಪ್ಯಾಂಟಿನಂತೆ ಕೇವಲ ಆಕಾರ ಮರಳುವುದು ಒಂದು ಬಗೆ. ಅದನ್ನು ಯಾವ ಬಟ್ಟೆಯಲ್ಲಿ ಯಾವ ಊರಿನಲ್ಲಿ ಬೇಕಾದರೂ ಹೊಲಿಯಬಹುದು. ಒಂದು ಊರಿನ ನೇಯ್ಗೆಯೇ ಮರಳುವುದು ಇನ್ನೊಂದು ಬಗೆ. ಮೊದಲನೆಯದರಲ್ಲಿ ವೇಗವೇ ಬಂಡವಾಳ, ಎರಡನೆಯದರಲ್ಲಿ ಗುಣಮಟ್ಟ ಮತ್ತು ನಂಬಿಕೆ ಬಂಡವಾಳ. ಎರಡನ್ನೂ ಒಂದೇ ಕ್ರಮದಲ್ಲಿ ಖರೀದಿಸಿ ಮಾರುವವರು ನಷ್ಟಕ್ಕೆ ಗುರಿಯಾಗುವುದು ಹೆಚ್ಚು.

ಇಳಕಲ್ ಮತ್ತು ಗುಳೇದಗುಡ್ಡದ ನೇಯ್ಗೆ

ಬಾಗಲಕೋಟೆ ಜಿಲ್ಲೆಯ ಈ ಎರಡು ಊರುಗಳ ಸರಕನ್ನು ಮಾರುವವರು ಅದರ ರಚನೆಯನ್ನು ಸ್ವಲ್ಪವಾದರೂ ತಿಳಿದಿರಬೇಕು. ಏಕೆಂದರೆ ಅದರ ಬೆಲೆಯ ರಹಸ್ಯ ರಚನೆಯಲ್ಲೇ ಇದೆ.

ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿ ಅಥವಾ ರೇಷ್ಮೆ. ಸೆರಗು ಮತ್ತು ದಡಿಗೆ ಅಪ್ಪಟ ರೇಷ್ಮೆ ಅಥವಾ ಕೃತಕ ರೇಷ್ಮೆ. ಈ ಎರಡು ಹಾಸುಗಳ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸುವ ವಿಧಾನಕ್ಕೆ ‘ತೋಪ ತೆನಿ’ ಎಂದು ಹೆಸರು. ಆದ್ದರಿಂದ ಸಾಂಪ್ರದಾಯಿಕ ಕ್ರಮದಲ್ಲಿ ಪ್ರತಿ ಸೀರೆಗೂ ಪ್ರತ್ಯೇಕವಾಗಿ ಹಾಸು ಸಿದ್ಧಪಡಿಸಬೇಕಾಗುತ್ತದೆ. ಉದ್ದನೆಯ ಒಂದೇ ಹಾಸು ಏರಿಸಿ ಹತ್ತಾರು ಸೀರೆಗಳನ್ನು ಸತತವಾಗಿ ನೇಯುವ ಅನುಕೂಲ ಇಲ್ಲಿಲ್ಲ. ಕೆಂಪು ಸೆರಗಿನ ಮೇಲಿನ ಬಿಳಿಯ ತೆನೆಯಾಕಾರ, ಗೋಮಿ, ಗಾಡಿ, ಪರಾಸಪೇಟ ಮೊದಲಾದ ದಡಿಗಳು ಈ ಸೀರೆಯ ಗುರುತುಗಳು. ಹಲವು ಸೀರೆಗಳ ಮೇಲೆ ಕಸೂತಿಯೂ ಸೇರುತ್ತದೆ. ಆಗ ನೇಕಾರರ ಜೊತೆಗೆ ಇನ್ನೊಬ್ಬರ ಕೈಕೆಲಸದ ದಿನಗಳೂ ಬೆಲೆಯಲ್ಲಿ ಕೂಡುತ್ತವೆ.

ಗುಳೇದಗುಡ್ಡದ ಖಣ ಮೂಲತಃ ಕುಬಸದ ಬಟ್ಟೆ. ರೇಷ್ಮೆಯ ಹಾಸಿಗೆ ಹತ್ತಿಯ ಹೊಕ್ಕು, ಹೆಚ್ಚುವರಿ ಎಳೆಗಳಿಂದ ಮೂಡುವ ಸಣ್ಣ ಸಣ್ಣ ಚಿತ್ತಾರಗಳು. ತೇರು, ಆನೆ ಹೆಜ್ಜೆ, ಸೂರ್ಯನಾರಾಯಣ ಮುಂತಾದ ಹೆಸರುಗಳಿಂದ ಈ ಚಿತ್ತಾರಗಳನ್ನು ಗುರುತಿಸುತ್ತಾರೆ. ಕುಬಸಕ್ಕೆ ಬೇಕಾದಷ್ಟೇ ಕಿರಿದಾದ ಪನ್ನ ಇದರದು. ಇಲ್ಲಿಯೇ ಹೊಸ ಬೇಡಿಕೆಯ ಮೊದಲ ತೊಡಕು ಕಾಣಿಸಿಕೊಳ್ಳುತ್ತದೆ. ಕುರ್ತಾ, ಸೀರೆ, ಪರದೆಗಳಿಗೆ ಅಗಲವಾದ ಪನ್ನ ಬೇಕು. ಕೈಮಗ್ಗವನ್ನು ಅಗಲ ಪನ್ನಕ್ಕೆ ಬದಲಾಯಿಸಲು ಹಣ ಬೇಕು, ಸಮಯ ಬೇಕು. ಆ ಅಂತರದಲ್ಲಿ ಪಾಲಿಯೆಸ್ಟರ್ ಮಿಶ್ರಿತ ನೂಲಿನಿಂದ ವಿದ್ಯುತ್ ಮಗ್ಗದಲ್ಲಿ ನೇಯ್ದ ‘ಖಣ’ ಮಾರುಕಟ್ಟೆಯನ್ನು ತುಂಬಿತು. ಬಹು ಹಿಂದಿನಿಂದಲೂ ಖಣಕ್ಕೆ ದೊಡ್ಡ ಮಾರುಕಟ್ಟೆಯಾಗಿರುವ ಮಹಾರಾಷ್ಟ್ರದಲ್ಲಿ ಖಣದ ಸೀರೆ ಈಚಿನ ವರ್ಷಗಳಲ್ಲಿ ಜನಪ್ರಿಯವಾದಾಗ, ಆ ಬೇಡಿಕೆಯ ದೊಡ್ಡ ಭಾಗವನ್ನು ಇಂತಹ ಬಟ್ಟೆಯೇ ಪೂರೈಸಿತು.

ವಿದ್ಯುತ್ ಮಗ್ಗವನ್ನು ಇಲ್ಲಿ ದೂಷಿಸುವ ಉದ್ದೇಶವಿಲ್ಲ. ಸಾವಿರಾರು ಕುಟುಂಬಗಳು ಅದರಿಂದಲೇ ಬದುಕುತ್ತಿವೆ, ಸಾಮಾನ್ಯ ಗಿರಾಕಿಯ ಕೈಗೆಟಕುವ ಬೆಲೆಗೆ ಬಟ್ಟೆ ಕೊಡುವುದೂ ಅದೇ. ವಿದ್ಯುತ್ ಮಗ್ಗದ ಬಟ್ಟೆಯನ್ನು ಕೈಮಗ್ಗದ್ದೆಂದು ಹೇಳಿ ಮಾರುವುದೇ ಇಲ್ಲಿನ ಸಮಸ್ಯೆ. ಅದು ಅನೀತಿ ಮಾತ್ರವಲ್ಲ, ಮುಂದೆ ವಿವರಿಸುವಂತೆ, ವ್ಯಾಪಾರದ ದೃಷ್ಟಿಯಿಂದಲೂ ಅಪಾಯಕಾರಿ.

ಎರಡು ಅನುಭವಗಳು

ಹಳೆಯ ಬಟ್ಟೆಯೊಂದು ಮರಳಿ ಬಂದಾಗ ಅದನ್ನು ಹೇಗೆ ನಿರ್ವಹಿಸಬೇಕು, ಹೇಗೆ ನಿರ್ವಹಿಸಬಾರದು ಎಂಬುದಕ್ಕೆ ಎರಡು ನಿದರ್ಶನಗಳನ್ನು ನೋಡಬಹುದು.

ಮೊದಲನೆಯದು ನಮ್ಮ ಮೈಸೂರು ರೇಷ್ಮೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಆರಂಭವಾದ ಮೈಸೂರಿನ ನೇಯ್ಗೆ ಕಾರ್ಖಾನೆ 1980ರಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಆಡಳಿತಕ್ಕೆ ಬಂತು. ಮೈಸೂರು ರೇಷ್ಮೆಗೆ 2005ರಲ್ಲಿ ಭೌಗೋಳಿಕ ಸೂಚಕದ ನೋಂದಣಿ ದೊರೆಯಿತು. ನಿಗಮವು ಪ್ರತಿ ಸೀರೆಗೂ ಪ್ರತ್ಯೇಕ ಸಂಖ್ಯೆಯನ್ನು ನೀಡುವ ಪದ್ಧತಿಯನ್ನು ಇಟ್ಟುಕೊಂಡಿದೆ. ಇಲ್ಲಿ ಬಣ್ಣಗಳು ಬದಲಾದವು, ಹೊಸ ವಿನ್ಯಾಸಗಳು ಸೇರಿದವು, ಆದರೆ ಬಟ್ಟೆಯ ಗುಣ ಮತ್ತು ಜರಿಯ ಶುದ್ಧತೆಯಲ್ಲಿ ರಾಜಿಯಾಗಲಿಲ್ಲ. ಈಚಿನ ವರ್ಷಗಳಲ್ಲಿ ಬೆಂಗಳೂರಿನ ಮಳಿಗೆಗಳ ಮುಂದೆ ಗಿರಾಕಿಗಳು ನಸುಕಿನಲ್ಲೇ ಸರದಿಯಲ್ಲಿ ನಿಂತು ಟೋಕನ್ ಪಡೆದು ಸೀರೆ ಕೊಂಡದ್ದನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದೇವೆ. ಬೇಡಿಕೆ ಇದ್ದರೂ ಅದಕ್ಕೆ ತಕ್ಕಷ್ಟು ಸೀರೆ ಒದಗಿಸಲಾಗದ ಸ್ಥಿತಿ ಅದು. ಮಾರಾಟದ ಅವಕಾಶ ತಪ್ಪುತ್ತದೆ ಎಂಬುದು ನಿಜ. ಆದರೆ ಸರಕಿನ ಬೆಲೆ ಕುಸಿಯುವುದಿಲ್ಲ ಎಂಬುದೂ ಅಷ್ಟೇ ನಿಜ.

ಎರಡನೆಯದು ಸ್ಕಾಟ್ಲೆಂಡಿನ ಹೊರ ಹೆಬ್ರಿಡೀಸ್ ದ್ವೀಪಗಳ ಹ್ಯಾರಿಸ್ ಟ್ವೀಡ್ ಎಂಬ ಉಣ್ಣೆಯ ಬಟ್ಟೆ. ಅದರ ನಿಯಮ ಕುತೂಹಲಕರವಾದುದು. ದ್ವೀಪವಾಸಿಗಳು ತಮ್ಮ ತಮ್ಮ ಮನೆಯಲ್ಲೇ, ವಿದ್ಯುತ್ತಿಲ್ಲದೆ ಕಾಲಿನಿಂದ ತುಳಿಯುವ ಮಗ್ಗದಲ್ಲಿ ನೇಯಬೇಕು. ನೂಲಿಗೆ ಬಣ್ಣ ಕಟ್ಟುವುದೂ ನೂಲುವುದೂ ಅದೇ ದ್ವೀಪಗಳಲ್ಲಿ ನಡೆಯಬೇಕು. ಈ ವ್ಯಾಖ್ಯೆಯನ್ನು ಬ್ರಿಟಿಷ್ ಸಂಸತ್ತು 1993ರಲ್ಲಿ ಪ್ರತ್ಯೇಕ ಕಾಯ್ದೆಯ ಮೂಲಕವೇ ರಕ್ಷಿಸಿತು. 1966ರಲ್ಲಿ ವರ್ಷಕ್ಕೆ 70 ಲಕ್ಷ ಗಜ ಮೀರಿದ್ದ ಉತ್ಪಾದನೆ ಮುಂದಿನ ದಶಕಗಳಲ್ಲಿ ತೀರ ಕುಸಿಯಿತು. 2004ರಲ್ಲಿ ನೈಕಿ ಸಂಸ್ಥೆ ತನ್ನ ಪಾದರಕ್ಷೆಗೆ ಈ ಬಟ್ಟೆಯನ್ನು ಬಳಸಿದಾಗ ಯುವಜನರ ಗಮನ ಮತ್ತೆ ಅತ್ತ ಹರಿಯಿತು.

ಆಮೇಲೆ ನಡೆದದ್ದು ವರ್ತಕರಿಗೆ ಪಾಠವಾಗುವಂತಹುದು. 2006ರಲ್ಲಿ ಅಲ್ಲಿನ ಅತಿ ದೊಡ್ಡ ಗಿರಣಿಯನ್ನು ಕೊಂಡ ಉದ್ಯಮಿಯೊಬ್ಬರು ಸಾವಿರಾರು ವಿನ್ಯಾಸಗಳನ್ನು ಕೇವಲ ನಾಲ್ಕಕ್ಕೆ ಇಳಿಸಿದರು. ಇತರರಿಗೆ ಬಟ್ಟೆ ಮಾರುವುದನ್ನು ನಿಲ್ಲಿಸಿ, ತಮ್ಮದೇ ಪುರುಷರ ಕೋಟುಗಳನ್ನು ಹೊಲಿಸಿ ಮಾರುವ ಯೋಜನೆ ಹಾಕಿದರು. ಕೋಟುಗಳು ಉಗ್ರಾಣದಲ್ಲಿ ರಾಶಿಬಿದ್ದವು, ನೇಕಾರರಿಗೆ ಕೆಲಸ ತಪ್ಪಿತು. ಅದೇ ಅವಧಿಯಲ್ಲಿ, 2007ರಲ್ಲಿ, ಮುಚ್ಚಿದ್ದ ಮತ್ತೊಂದು ಗಿರಣಿಯನ್ನು ಇನ್ನೊಂದು ಕಂಪನಿ ತೆರೆಯಿತು. ಅದು ವಿನ್ಯಾಸಗಳ ವೈವಿಧ್ಯವನ್ನು ಉಳಿಸಿಕೊಂಡು, ಅನೇಕ ದೇಶಗಳ ಅನೇಕ ಉಡುಪು ತಯಾರಕರಿಗೆ ಸಣ್ಣ ಸಣ್ಣ ಪ್ರಮಾಣದಲ್ಲಿಯೂ ಬಟ್ಟೆ ಕೊಟ್ಟಿತು. ಬಟ್ಟೆ ಒಂದೇ, ದ್ವೀಪ ಒಂದೇ, ಕಾಲವೂ ಒಂದೇ. ಒಬ್ಬರು ಅದನ್ನು ಒಂದೇ ಅಚ್ಚಿನ ಸರಕಾಗಿಸಲು ಹೋಗಿ ದಾಸ್ತಾನಿನಲ್ಲಿ ಸಿಲುಕಿದರು, ಇನ್ನೊಬ್ಬರು ಅದರ ವೈವಿಧ್ಯವನ್ನೇ ಬಂಡವಾಳವಾಗಿಸಿ ಉದ್ಯಮವನ್ನು ಉಳಿಸಿದರು.

ಗಿರಾಕಿ ಬಂದಾಗ ನೇಯುವ ಕೈಗಳೆಲ್ಲಿ?

ನಮ್ಮ ದೇಶದ ಕೈಮಗ್ಗ ಗಣತಿಯ ಅಂಕಿಗಳು ಗಂಭೀರವಾಗಿವೆ. 1995ರ ಗಣತಿಯಲ್ಲಿ ಸುಮಾರು 65 ಲಕ್ಷವಿದ್ದ ನೇಕಾರರು ಮತ್ತು ಪೂರಕ ಕೆಲಸಗಾರರ ಸಂಖ್ಯೆ 2009-10ರಲ್ಲಿ 43.31 ಲಕ್ಷಕ್ಕೂ, 2019-20ರ ನಾಲ್ಕನೆಯ ಗಣತಿಯಲ್ಲಿ 35.22 ಲಕ್ಷಕ್ಕೂ ಇಳಿಯಿತು. ಫ್ಯಾಷನ್ ಮರಳಬಹುದು, ಆದರೆ ಮಗ್ಗ ಬಿಟ್ಟು ಕಟ್ಟಡ ಕೆಲಸಕ್ಕೋ ಗ್ರಾನೈಟ್ ಗಣಿಗೋ ಹೋದ ನೇಕಾರ ಅಷ್ಟು ಸುಲಭವಾಗಿ ಮರಳುವುದಿಲ್ಲ. ಅವನ ಮಗನಂತೂ ಮಗ್ಗದ ಕುಣಿಗೆ ಇಳಿದೇ ಇರುವುದಿಲ್ಲ.

ಆದ್ದರಿಂದ ಬೇಡಿಕೆ ಏರಿದೊಡನೆ ಪೂರೈಕೆ ಏರುತ್ತದೆ ಎಂಬ ಸಾಮಾನ್ಯ ನಿಯಮ ಈ ಸರಕಿಗೆ ಅನ್ವಯಿಸುವುದಿಲ್ಲ. ಬೇಡಿಕೆ ಏರಿದಾಗ ಏರುವುದು ಅನುಕರಣೆಯ ಪೂರೈಕೆ. ಅನುಕರಣೆಯಿಂದ ಬೆಲೆ ಇಳಿಯುತ್ತದೆ. ಬೆಲೆ ಇಳಿದಂತೆ ಎಲ್ಲರ ಮೈಮೇಲೂ ಅದೇ ಬಟ್ಟೆ ಕಾಣುತ್ತದೆ. ಎಲ್ಲರ ಮೈಮೇಲೂ ಕಂಡ ಮೇಲೆ ಫ್ಯಾಷನ್ ಬಯಸುವ ಗಿರಾಕಿ ಮುಂದಕ್ಕೆ ಹೋಗುತ್ತಾನೆ. ಅಷ್ಟರಲ್ಲಿ ಅಸಲಿ ಸರಕಿನ ಹೆಸರೂ ಕೆಟ್ಟಿರುತ್ತದೆ. ಹೀಗೆ ಒಂದು ಬೇಡಿಕೆ ಕೆಲವೇ ವರ್ಷಗಳಲ್ಲಿ ಬತ್ತಿಹೋದರೆ ನೇಕಾರನಿಗೂ ಲಾಭವಿಲ್ಲ, ಪ್ರಾಮಾಣಿಕ ವರ್ತಕನಿಗೂ ಲಾಭವಿಲ್ಲ.

ಆಶಾದಾಯಕ ಉದಾಹರಣೆಗಳೂ ನಮ್ಮಲ್ಲಿವೆ. ಕರಾವಳಿಯ ಉಡುಪಿ ಸೀರೆಯ ನೇಯ್ಗೆ ಕೈಬೆರಳೆಣಿಕೆಯ ನೇಕಾರರಿಗೆ ಇಳಿದಿದ್ದಾಗ, ಕಾರ್ಕಳದ ಕದಿಕೆ ಟ್ರಸ್ಟ್ ತಾಳಿಪಾಡಿ ನೇಕಾರರ ಸಹಕಾರ ಸಂಘದೊಂದಿಗೆ ಸೇರಿ 2018ರಿಂದ ಪುನಶ್ಚೇತನಕ್ಕೆ ತೊಡಗಿತು. ಸೀರೆಯ ಚೀಟಿಯಲ್ಲಿ ಅದನ್ನು ನೇಯ್ದವರ ಹೆಸರು ಇರುವಂತೆ ಮಾಡಿದ್ದು ಅವರ ಮುಖ್ಯ ಕ್ರಮಗಳಲ್ಲಿ ಒಂದು. ಖರ್ಚು ಒಂದು ಚೀಟಿಯದು, ಪ್ರಯೋಜನ ಮಾತ್ರ ದೊಡ್ಡದು. ಗದಗ ಜಿಲ್ಲೆಯ ಗಜೇಂದ್ರಗಡದ ಪಟ್ಟೆದ ಅಂಚು ಸೀರೆ ಕೂಡ ಮರೆವಿನ ಅಂಚಿನಿಂದ ಹೀಗೆಯೇ ಹಿಂದಿರುಗಿದೆ.

ಲೆಕ್ಕದ ಪುಸ್ತಕ ಏನು ಹೇಳುತ್ತದೆ?

ಕೈಮಗ್ಗದ ಸರಕಿನಲ್ಲಿ ಬಂಡವಾಳ ನಿಧಾನವಾಗಿ ತಿರುಗುತ್ತದೆ ಎಂಬ ದೂರು ಸಾಮಾನ್ಯ. ಅದು ನಿಜವೂ ಹೌದು. ಆದರೆ ಲೆಕ್ಕವನ್ನು ಪೂರ್ತಿ ಮಾಡಬೇಕು. ವಿಷಯ ಸ್ಪಷ್ಟವಾಗಲೆಂದು ಕಲ್ಪಿತ ಅಂಕಿಗಳ ಒಂದು ಉದಾಹರಣೆ ಕೊಡುತ್ತೇನೆ.

ವರ್ತಕರೊಬ್ಬರು ಒಂದು ಲಕ್ಷ ರೂಪಾಯಿಯನ್ನು ಅನುಕರಣೆಯ ಸರಕಿನಲ್ಲಿ ತೊಡಗಿಸಿದರೆನ್ನೋಣ. ಖರೀದಿ ಬೆಲೆಯ ಮೇಲೆ ಶೇ. 15 ಲಾಭ, ವರ್ಷಕ್ಕೆ ಆರು ಸುತ್ತು. ಒಟ್ಟು ಲಾಭ 90,000 ರೂ. ಶೇ. 12ರ ದರದಲ್ಲಿ 12,000 ರೂ. ಬಡ್ಡಿ ಕಳೆದರೆ 78,000 ರೂ. ಇನ್ನೊಬ್ಬರು ಅದೇ ಒಂದು ಲಕ್ಷವನ್ನು ಅಸಲಿ ಕೈಮಗ್ಗದ ಸರಕಿನಲ್ಲಿ ತೊಡಗಿಸಿದರು. ಶೇ. 40 ಲಾಭ, ವರ್ಷಕ್ಕೆ ಎರಡೇ ಸುತ್ತು. ಒಟ್ಟು ಲಾಭ 80,000 ರೂ., ಬಡ್ಡಿ ಕಳೆದರೆ 68,000 ರೂ. ಬೇಡಿಕೆ ಏರುತ್ತಿರುವ ವರ್ಷದಲ್ಲಿ ಮೊದಲನೆಯವರೇ ಜಾಣರೆನಿಸುತ್ತಾರೆ.

ಈಗ ಬೇಡಿಕೆ ಇಳಿಯುವ ವರ್ಷವನ್ನು ನೋಡೋಣ. ಇಬ್ಬರಿಗೂ ಕೊನೆಯ ಸುತ್ತಿನ ಸರಕು ಉಳಿಯಿತು. ಮೊದಲನೆಯವರಿಗೆ ಐದು ಸುತ್ತಿನ ಲಾಭ 75,000 ರೂ. ಬಂದಿದೆ. ಉಳಿದ ಒಂದು ಲಕ್ಷದ ಸರಕನ್ನು ರೂಪಾಯಿಗೆ 40 ಪೈಸೆಯಂತೆ ಮಾರಿದರೆ 60,000 ರೂ. ನಷ್ಟ. ಬಡ್ಡಿಯನ್ನೂ ಕಳೆದರೆ ಕೈಯಲ್ಲಿ ಉಳಿಯುವುದು 3,000 ರೂ. ಎರಡನೆಯವರಿಗೆ ಒಂದೇ ಸುತ್ತಿನ ಲಾಭ 40,000 ರೂ. ಬಂದಿದೆ. ಅವರು ಉಳಿದ ಸರಕನ್ನು ಅಸಲಿಗೇ ಮಾರಿದರೂ, ಬಡ್ಡಿ ಕಳೆದು 28,000 ರೂ. ಉಳಿಯುತ್ತದೆ. ಫ್ಯಾಷನ್ ಹೋದ ಮೇಲೂ ಮದುವೆ, ಸೀಮಂತ, ಉಡಿ ತುಂಬುವಿಕೆಗಳು ನಿಲ್ಲುವುದಿಲ್ಲವಾದ್ದರಿಂದ ಅಸಲಿ ಸರಕಿಗೆ ಒಂದು ತಳಮಟ್ಟದ ಬೆಲೆ ಇದ್ದೇ ಇರುತ್ತದೆ ಎಂಬುದು ಈ ಲೆಕ್ಕದ ಆಧಾರ.

ಈ ಅಂಕಿಗಳನ್ನೇ ಯಾರೂ ನಂಬಬೇಕಾಗಿಲ್ಲ. ತಮ್ಮ ತಮ್ಮ ಪುಸ್ತಕದ ಅಂಕಿಗಳನ್ನು ಹಾಕಿ ಲೆಕ್ಕ ಮಾಡಿ ನೋಡಬೇಕು. ಏರುವ ವರ್ಷದ ಲಾಭವನ್ನು ಮಾತ್ರ ನೋಡದೆ, ಇಳಿಯುವ ವರ್ಷದ ಉಳಿಕೆ ಸರಕಿನ ಬೆಲೆಯನ್ನೂ ಕೂಡಿಸಿ ನೋಡಬೇಕೆಂಬುದಷ್ಟೇ ನನ್ನ ಸಲಹೆ. ಎರಡೂ ಬಗೆಯ ಸರಕನ್ನು ಇಡುವವರು ಅವುಗಳ ಖರೀದಿ, ಮಾರಾಟ ಮತ್ತು ದಾಸ್ತಾನನ್ನು ಪ್ರತ್ಯೇಕ ಶೀರ್ಷಿಕೆಗಳಲ್ಲಿ ಬರೆದಿಟ್ಟರೆ ಮಾತ್ರ ಈ ಸತ್ಯ ಕಣ್ಣಿಗೆ ಬೀಳುತ್ತದೆ. ಎಲ್ಲವನ್ನೂ ‘ಜವಳಿ ಖರೀದಿ’ ಎಂಬ ಒಂದೇ ಖಾತೆಗೆ ತುಂಬಿದರೆ ಒಂದರ ನಷ್ಟವನ್ನು ಇನ್ನೊಂದರ ಲಾಭ ಮುಚ್ಚಿಡುತ್ತದೆ.

ಗಮನಿಸಬೇಕಾದ ಕಾನೂನು ಮತ್ತು ತೆರಿಗೆ ಅಂಶಗಳು

1. ಹಳೆಯ ದಾಸ್ತಾನಿನ ಮೌಲ್ಯ: ಅಟ್ಟದ ಮೇಲಿದ್ದ ಹಳೆಯ ಸರಕಿಗೆ ಬೇಡಿಕೆ ಬಂದಿದೆಯೆಂದು ವರ್ಷಾಂತ್ಯದಲ್ಲಿ ಅದರ ಮೌಲ್ಯವನ್ನು ಮಾರುಕಟ್ಟೆ ದರಕ್ಕೆ ಏರಿಸುವಂತಿಲ್ಲ. ಲೆಕ್ಕಪತ್ರ ಮಾನದಂಡ 2ರ ಪ್ರಕಾರ ಖರೀದಿ ವೆಚ್ಚ ಮತ್ತು ನಿವ್ವಳ ಮಾರಾಟ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದನ್ನು ಹಿಡಿಯಬೇಕು. 1,000 ರೂ. ಗೆ ಕೊಂಡು, ಹಿಂದೆ 300 ರೂ. ಗೆ ಇಳಿಸಿದ್ದ ಸೀರೆ ಇಂದು 1,800 ರೂ. ಗೆ ಹೋಗುವಂತಿದ್ದರೂ ಪುಸ್ತಕದಲ್ಲಿ ಅದು 1,000 ರೂ. ದಾಟಬಾರದು. ಲಾಭ ಬರುವುದು ಮಾರಿದ ಮೇಲೆ.

2. ಸರಕನ್ನು ತೆಗೆದುಹಾಕುವಾಗ: ಕೆಟ್ಟುಹೋದ ಸರಕನ್ನು ಪುಸ್ತಕದಿಂದ ಸಂಪೂರ್ಣವಾಗಿ ತೆಗೆದುಹಾಕಿದರೆ, ಅದರ ಖರೀದಿಯ ಮೇಲೆ ಪಡೆದಿದ್ದ ಜಿಎಸ್‌ಟಿ ಹೂಡುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕಾಗುತ್ತದೆ. ಉಚಿತ ಮಾದರಿಯಾಗಿ ಅಥವಾ ಉಡುಗೊರೆಯಾಗಿ ಕೊಟ್ಟ ಸರಕಿಗೂ ಇದೇ ನಿಯಮ. ರಿಯಾಯಿತಿ ದರದಲ್ಲಿ ಮಾರಿದರೆ ಈ ತೊಡಕಿಲ್ಲ.

3. ಬಟ್ಟೆಗೂ ಹೊಲಿದ ಉಡುಪಿಗೂ ಇರುವ ವ್ಯತ್ಯಾಸ: ಸೀರೆ ಮತ್ತು ಖಣ ಬಟ್ಟೆಯ ವರ್ಗಕ್ಕೆ ಸೇರುವುದರಿಂದ ಬೆಲೆ ಎಷ್ಟೇ ಇದ್ದರೂ ಜಿಎಸ್‌ಟಿ ಶೇ. 5. ಹೊಲಿದ ಉಡುಪಿಗೆ 2025ರ ಸೆಪ್ಟೆಂಬರ್ 22ರಿಂದ ಪ್ರತಿ ಉಡುಪಿಗೆ 2,500 ರೂ. ವರೆಗೆ ಶೇ. 5, ಅದನ್ನು ಮೀರಿದರೆ ಶೇ. 18. ಖಣದ ಕುರ್ತಾ ಒಂದನ್ನು 2,500 ರೂ. ಗೆ ಮಾರಿದರೆ ಗಿರಾಕಿ ಕೊಡುವುದು 2,625 ರೂ.; 2,600 ರೂ. ಗೆ ಮಾರಿದರೆ 3,068 ರೂ. ನೂರು ರೂಪಾಯಿ ಹೆಚ್ಚು ಪಡೆಯಲು ಹೋಗಿ ಗಿರಾಕಿಯ ಮೇಲೆ 443 ರೂ. ಹೊರೆ ಹಾಕಿದಂತಾಗುತ್ತದೆ. ಸಿದ್ಧ ಉಡುಪು ತಯಾರಿಸುವ ಸದಸ್ಯರು ಬೆಲೆ ನಿಗದಿಪಡಿಸುವಾಗ ಈ ಗಡಿಯನ್ನು ನೆನಪಿಡಬೇಕು.

4. ಸಣ್ಣ ಉದ್ಯಮಿಗಳಿಗೆ ಹಣ ಪಾವತಿ: ಉದ್ಯಮ್ ನೋಂದಣಿ ಇರುವ ಅತಿ ಸಣ್ಣ ಅಥವಾ ಸಣ್ಣ ತಯಾರಕರಿಂದ ಸರಕು ಕೊಂಡರೆ, ಲಿಖಿತ ಒಪ್ಪಂದವಿಲ್ಲದಿದ್ದಲ್ಲಿ 15 ದಿನಗಳೊಳಗೆ, ಇದ್ದಲ್ಲಿ ಗರಿಷ್ಠ 45 ದಿನಗಳೊಳಗೆ ಹಣ ಕೊಡಬೇಕು. ಗಡುವು ಮೀರಿ ವರ್ಷಾಂತ್ಯಕ್ಕೆ ಉಳಿದ ಬಾಕಿಯನ್ನು ಆದಾಯ ತೆರಿಗೆಯಲ್ಲಿ ವೆಚ್ಚವೆಂದು ತೋರಿಸಲು, ಅದನ್ನು ನಿಜವಾಗಿ ಪಾವತಿಸುವ ವರ್ಷದವರೆಗೆ ಕಾಯಬೇಕು. 2023ರ ಹಣಕಾಸು ಕಾಯ್ದೆಯಿಂದ ಬಂದ ಈ ನಿಯಮದ ತತ್ವ 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿಯೂ ಮುಂದುವರಿದಿದೆ. ತಡವಾದ ಹಣಕ್ಕೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯ ಹೊಣೆಯೂ ಇದೆ, ಆ ಬಡ್ಡಿ ವೆಚ್ಚವಾಗಿಯೂ ಮಾನ್ಯವಲ್ಲ. ದೀಪಾವಳಿಯ ಸರಕಿಗೆ ಯುಗಾದಿಯಲ್ಲಿ ಹಣ ಕೊಡುವ ಹಳೆಯ ಉದ್ದರಿ ಪದ್ಧತಿ ಇನ್ನು ದುಬಾರಿ. ಕೇವಲ ವ್ಯಾಪಾರ ಮಾಡುವ ಪೂರೈಕೆದಾರರಿಗೆ ಈ ರಕ್ಷಣೆ ಇಲ್ಲ, ತಯಾರಕರಿಗೆ ಇದೆ.

5. ಹೆಸರಿನ ಬಳಕೆ: ಇಳಕಲ್ ಸೀರೆ, ಗುಳೇದಗುಡ್ಡ ಖಣ, ಕಸೂತಿ, ಮೊಳಕಾಲ್ಮೂರು ಸೀರೆ, ಉಡುಪಿ ಸೀರೆ ಇವೆಲ್ಲ ಭೌಗೋಳಿಕ ಸೂಚಕ ಪಡೆದವು. 1999ರ ಕಾಯ್ದೆ ಜಾರಿಗೆ ಬಂದದ್ದು 2003ರ ಸೆಪ್ಟೆಂಬರ್ 15ರಂದು. ಬೇರೆ ಕಡೆ ತಯಾರಾದ ಸರಕಿಗೆ ಈ ಹೆಸರು ಅಂಟಿಸಿ ಮಾರುವುದು ಶಿಕ್ಷಾರ್ಹ ಅಪರಾಧ. ನಿಜವಾದ ಉತ್ಪಾದಕರು ‘ಅಧಿಕೃತ ಬಳಕೆದಾರ’ರಾಗಿ ನೋಂದಾಯಿಸಿಕೊಳ್ಳಬಹುದು. ಅಂತಹವರಿಂದ ಕೊಂಡು, ಬಿಲ್ಲಿನಲ್ಲಿ ಆ ವಿವರ ನಮೂದಿಸುವುದು ವರ್ತಕರಿಗೆ ರಕ್ಷಣೆ.

6. ಕೈಮಗ್ಗದ ಮೀಸಲಾತಿ: 1985ರ ಕಾಯ್ದೆಯಡಿ ಆರಂಭದಲ್ಲಿ 22 ವಸ್ತುಗಳು ಕೈಮಗ್ಗಕ್ಕೆ ಮೀಸಲಾಗಿದ್ದವು. ಈಗ ನಿರ್ದಿಷ್ಟ ಲಕ್ಷಣಗಳ ಸೀರೆ, ಧೋತಿ, ಲುಂಗಿ ಸೇರಿದಂತೆ 11 ಬಗೆ ಉಳಿದಿವೆ. ಕೊಳ್ಳುವ ಮುನ್ನ ಕೈಮಗ್ಗ ಗುರುತು, ರೇಷ್ಮೆ ಗುರುತುಗಳನ್ನು ಪರಿಶೀಲಿಸುವ ಅಭ್ಯಾಸ ಒಳ್ಳೆಯದು.

ಸದಸ್ಯರು ಮಾಡಬಹುದಾದದ್ದು

‘ಗಾಳಿ ಬಂದಾಗ ತೂರಿಕೋ’ ಎಂಬುದು ವ್ಯಾಪಾರಿಗೆ ಒಪ್ಪುವ ಗಾದೆ. ‘ಕೂಸು ಹುಟ್ಟುವ ಮುಂಚೆ ಕುಲಾವಿ’ ಎಂಬುದೂ ಅಷ್ಟೇ ಮುಖ್ಯ. ಎರಡರ ನಡುವೆ ದಾರಿ ಹುಡುಕಬೇಕು.

ಮೊದಲನೆಯದಾಗಿ, ದೊಡ್ಡ ಗಂಟು ಖರೀದಿಸಿ ಕಾಯುವ ಬದಲು ನೇಕಾರರ ಸಂಘಗಳಿಗೂ ಮಾಲೀಕ ನೇಕಾರರಿಗೂ ನಿಶ್ಚಿತ ಮಾಸಿಕ ಬೇಡಿಕೆ ಕೊಡುವುದು ಮೇಲು. ತಿಂಗಳಿಗೆ ಹತ್ತೇ ಸೀರೆಯಾದರೂ ವರ್ಷವಿಡೀ ಖಚಿತವಾಗಿದ್ದರೆ ಮಗ್ಗ ನಿಲ್ಲುವುದಿಲ್ಲ. ಇದರಿಂದ ವರ್ತಕರ ದಾಸ್ತಾನೂ ಬೆಳೆಯುವುದಿಲ್ಲ. ಬಹುಕಾಲದ ದಾಸ್ತಾನನ್ನು ಅನೇಕ ಬ್ಯಾಂಕುಗಳು ದುಡಿಯುವ ಬಂಡವಾಳದ ಸಾಲದ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದನ್ನೂ ಮರೆಯಬಾರದು.

ಎರಡನೆಯದಾಗಿ, ಹಬ್ಬಕ್ಕೆ ಮೂರು ನಾಲ್ಕು ತಿಂಗಳು ಮುಂಚೆ ನೂಲಿನ ವೆಚ್ಚದಷ್ಟು ಮುಂಗಡ ಕೊಟ್ಟರೆ, ನೇಕಾರ ಅಗ್ಗದ ನೂಲಿಗೆ ಶರಣಾಗದೆ ಒಪ್ಪಿದ ಗುಣಮಟ್ಟವನ್ನೇ ಕೊಡುತ್ತಾನೆ. ಮುಂಗಡವನ್ನು ಪುಸ್ತಕದಲ್ಲಿ ಸ್ಪಷ್ಟವಾಗಿ ತೋರಿಸಿ, ಪಾವತಿಯನ್ನು ಬ್ಯಾಂಕಿನ ಮೂಲಕವೇ ಮಾಡಬೇಕು.

ಮೂರನೆಯದಾಗಿ, ಸಣ್ಣ ತಯಾರಕರು ಸೀರೆಗಿಂತ ಸಣ್ಣ ವಸ್ತುಗಳ ಕಡೆ ನೋಡಬಹುದು. ಖಣದ ಕಿರಿದಾದ ಪನ್ನ ಕೈಚೀಲ, ಟೋಪಿ, ಮಕ್ಕಳ ಉಡುಪು, ಉಡುಗೊರೆಯ ಚೀಲಗಳಿಗೆ ಅಡ್ಡಿಯಲ್ಲ. ಮಗ್ಗವನ್ನು ಬದಲಾಯಿಸದೆ ಇರುವ ಪನ್ನಕ್ಕೆ ತಕ್ಕ ವಸ್ತುವನ್ನು ರೂಪಿಸುವುದು ಅಗ್ಗದ ಮಾರ್ಗ.

ನಾಲ್ಕನೆಯದಾಗಿ, ಅಂಗಡಿಯಲ್ಲಿ ಎರಡೂ ಬಗೆಯ ಸರಕನ್ನು ಬೇರೆ ಬೇರೆ ಕಪಾಟಿನಲ್ಲಿಟ್ಟು, ‘ಕೈಮಗ್ಗ’, ‘ವಿದ್ಯುತ್ ಮಗ್ಗ’ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದು ಹಾಕಬೇಕು. 800 ರೂಪಾಯಿಯ ಸೀರೆ ಬೇಕಾದವರು ಅದನ್ನೇ ತಿಳಿದು ಕೊಳ್ಳಲಿ. 5,000 ರೂಪಾಯಿ ಕೊಡುವವರಿಗೆ ತಾವು ಕೊಟ್ಟದ್ದಕ್ಕೆ ಸರಿಯಾದುದು ಸಿಕ್ಕಿದೆಯೆಂಬ ಭರವಸೆ ಇರಲಿ. ಗಿರಾಕಿಗೆ ತೋಪ ತೆನಿಯ ಕೊಂಡಿಯನ್ನು ತೋರಿಸಿ ವಿವರಿಸಬಲ್ಲ ಒಬ್ಬ ಮಾರಾಟಗಾರ, ಶೇ. 20 ರಿಯಾಯಿತಿಯ ಫಲಕಕ್ಕಿಂತ ಹೆಚ್ಚು ವ್ಯಾಪಾರ ತರುತ್ತಾನೆ.

ವಾಣಿಜ್ಯ ಸಂಸ್ಥೆಗಳೂ ಈ ನಿಟ್ಟಿನಲ್ಲಿ ಕೆಲಸ ಮಾಡಬಹುದು. ಆಗಸ್ಟ್ 7ರ ರಾಷ್ಟ್ರೀಯ ಕೈಮಗ್ಗ ದಿನವನ್ನು ಭಾಷಣಕ್ಕೆ ಸೀಮಿತಗೊಳಿಸದೆ, ಖರೀದಿದಾರರೂ ನೇಕಾರರೂ ಮುಖಾಮುಖಿ ಕುಳಿತು ಮುಂದಿನ ಹಬ್ಬದ ಬೇಡಿಕೆಗೆ ಸಹಿ ಹಾಕುವ ದಿನವಾಗಿಸಬಹುದು. ಅಧಿಕೃತ ಬಳಕೆದಾರರ ನೋಂದಣಿಗೂ ಉದ್ಯಮ್ ನೋಂದಣಿಗೂ ಅಲ್ಲಿಯೇ ನೆರವು ಕೊಡಬಹುದು. ಉದ್ಯಮ್ ನೋಂದಣಿಗೆ ಶುಲ್ಕವೂ ಇಲ್ಲ.

ಫ್ಯಾಷನ್ನಿನ ಗತಿಯನ್ನು ಯಾವ ವರ್ತಕರೂ ನಿಯಂತ್ರಿಸಲಾರರು. ಆದರೆ ಈ ಬಾರಿ ಇಳಕಲ್ ಸೀರೆ ಕೇಳಿಕೊಂಡು ಬಂದ ಹುಡುಗಿಗೆ ಅಸಲಿ ಸೀರೆ ಕೊಟ್ಟರೆ, ಅವಳ ಮದುವೆಗೂ ತಂಗಿಯ ಸೀಮಂತಕ್ಕೂ ಅವಳು ಅದೇ ಅಂಗಡಿಗೆ ಬರುತ್ತಾಳೆ. ಒಂದು ಒಗೆತಕ್ಕೆ ಬಣ್ಣ ಬಿಡುವ ಸೀರೆಯನ್ನು ಕೊಟ್ಟರೆ ಇಳಕಲ್ ಎಂಬ ಹೆಸರನ್ನೇ ಅವಳು ಬಿಟ್ಟುಬಿಡುತ್ತಾಳೆ. ಆಗ ನಷ್ಟ ಒಬ್ಬ ವರ್ತಕರದಾಗಿ ಉಳಿಯುವುದಿಲ್ಲ, ಆ ಪೇಟೆಯ ಎಲ್ಲ ಅಂಗಡಿಗಳಿಗೂ ಆ ಊರಿನ ಎಲ್ಲ ಮಗ್ಗಗಳಿಗೂ ಅದು ಹಂಚಿಹೋಗುತ್ತದೆ. ಮುಂದಿನ ಹಬ್ಬದ ಖರೀದಿ ಪಟ್ಟಿಯನ್ನು ಬರೆಯುವಾಗ ವರ್ತಕ ಬಾಂಧವರು ಈ ಹೊಣೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕೆಂದು ಕೋರುತ್ತೇನೆ.